ಕೊನೆಯ ಗಿಡದ ನೀರು

ನೀರಗಂಟಿ ತಾತನ ಬಲಗೈಯ ತೋರುಬೆರಳು ಎರಡನೇ ಗೆಣ್ಣಿನವರೆಗೆ ಸದಾ ಮಣ್ಣಿನ ಬಣ್ಣ. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಉಗುರು ನಡುವೆ ಸೀಳಿತ್ತು. ಎಲ್ಲಿ ಗಿಡ ಕಂಡರೂ ಕುಕ್ಕರಗಾಲಲ್ಲಿ ಕೂತು, ಬುಡಕ್ಕೆ ಆ ಬೆರಳು ಚುಚ್ಚಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ತೀರ್ಪು: "ಇವತ್ತು ಬ್ಯಾಡ. ನಾಡಿದ್ದು ಕೊಡು."

ಹೊಸಪೇಟೆಯಲ್ಲಿ ನಮ್ಮ ಹಿತ್ತಿಲ ಗೋಡೆಯಾಚೆಯ ಮನೆ ಅವರದು. ಕಾಲುವೆಯ ನೀರಗಂಟಿಯಾಗಿ ತೂಬು ಎತ್ತಿ ಇಳಿಸುತ್ತಲೇ ತಲೆ ನೆರೆತವರು. ನಿವೃತ್ತರಾದ ಮೇಲೂ ಓಣಿಗೆಲ್ಲ ನೀರಗಂಟಿ ತಾತನೇ. ಕಂಪ್ಲಿ ಕಡೆ ಇದ್ದಾಗ, ದೊಡ್ಡ ಕುಳವೊಬ್ಬ ಕಾಲುವೆಗೆ ಗುಟ್ಟಾಗಿ ಇಳಿಬಿಟ್ಟಿದ್ದ ಪೈಪನ್ನು ಒಬ್ಬರೇ ಕಿತ್ತೆಸೆದು ಹಣೆಗೆ ಕಲ್ಲೇಟು ತಿಂದಿದ್ದರಂತೆ. ಆ ಗುರುತು ಮುಟ್ಟಿಕೊಂಡು ಹೇಳುತ್ತಿದ್ದರು: "ಮೇಲಿನಾಂವ ಬಾಯಿ ಹಚ್ಚಿ ಕುಡದ್ರ, ಕೊನೀ ಹೊಲದಾಂವ ಮಣ್ಣು ತಿನ್ಬೇಕೇನು?" ನಾನು ನಂಬಿದ್ದೆ. ಹಣೆಯ ಗಾಯ ಸುಳ್ಳು ಹೇಳುತ್ತದೆಯೇ?

ಅವ್ವ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಾಗ ಅವಳ ಕೈದೋಟ ನನ್ನ ಕೈಗೆ ಬಂತು. ಡ್ಯಾಮು ಊರ ಮಗ್ಗುಲಲ್ಲೇ ಇದ್ದರೂ ಬೇಸಿಗೆಯಲ್ಲಿ ನಮ್ಮ ನಲ್ಲಿ ವಾರಕ್ಕೊಮ್ಮೆ ಬಂದರೆ ಪುಣ್ಯ. ಶಾಲೆಯಲ್ಲಿ ಪಾಠ ಹೇಳಿ ಬಂದು ಕೊಡ ಹೊತ್ತು ಹೊತ್ತು ನನ್ನ ಸೊಂಟವೂ ಬೀಳುವುದರಲ್ಲಿತ್ತು. ಅವ್ವನದು ಒಂದೇ ಮಾತು. ಮಲ್ಲಿಗೆ ಅವಳು ತವರು ಹಡಗಲಿಯಿಂದ ತಂದು ಹಚ್ಚಿದ ಗಿಡ. "ಉಳಿದದ್ದೆಲ್ಲ ಒಣಗಲಿ, ಮಲ್ಲಿಗಿ ಒಂದು ಉಳಿಸಿಕೊಡವ್ವಾ."

ಗೋಡೆಯಾಚೆಗೆ ಕೂಗಿದೆ. ತಾತ ಬಂದರು. ಮೂರು ದಿನ ಏನೂ ಮಾಡಲಿಲ್ಲ. ಬಿಸಿಲು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿಗೆ ಸರಿಯುತ್ತದೆ ಎಂದು ನೋಡುತ್ತ, ಬೆರಳು ಚುಚ್ಚುತ್ತ ಓಡಾಡಿದರು. ನಾಲ್ಕನೆಯ ದಿನ ನಮ್ಮ ರಂಗೋಲಿ ಡಬ್ಬಿ ಕೇಳಿ, ನೆಲದ ಮೇಲೆ ಮೂರು ಗೆರೆ ಎಳೆದರು.

"ಕೆಸವು, ಪುದೀನ ಕುಡುಕರು. ಬದನಿ, ಮಲ್ಲಿಗಿ ಗುಟುಕರಿಸೋವು. ಕರಿಬೇವು, ನುಗ್ಗಿ ಉಪಾಸದೋವು. ಎಲ್ಲಾರ್ನೂ ಒಂದ ಪಂಕ್ತಿಗೆ ಕುಂದ್ರಿಸಬ್ಯಾಡವ್ವಾ."

ಕಲ್ಲುಕಟ್ಟೆಯ ಮೇಲೆ ಟ್ಯಾಂಕು, ಅಲ್ಲಿಂದ ಮೂರು ಸಣ್ಣ ಪೈಪು, ಪ್ರತಿ ಗಿಡದ ಬುಡಕ್ಕೊಂದು ಹನಿ, ಮೇಲೆ ಬಿಸಿಲು ತಾಗದಂತೆ ಕಬ್ಬಿನ ಒಣಗರಿಯ ಹೊದಿಕೆ. ಕೊನೆಗೆ ಮನೆಯ ಸ್ಟೀಲ್ ಲೋಟಗಳನ್ನೆಲ್ಲ ತರಿಸಿ, ಒಂದೊಂದು ಹನಿಯ ಕೆಳಗೆ ಒಂದೊಂದು ಇಟ್ಟು, ಕಾಲು ಗಂಟೆ ನೀರು ಬಿಟ್ಟರು. ಆಯಾ ಸಾಲಿನ ಎಲ್ಲ ಲೋಟದಲ್ಲೂ ಸಮ. "ಬಾಯಿಮಾತು ನಂಬಬ್ಯಾಡ. ಲೋಟ ನಂಬು," ಎಂದರು. ಎರಡನೇ ಸಾಲಿನ ಕಟ್ಟಕಡೆಯ ಗಿಡ ಮಲ್ಲಿಗೆ. ಆ ವರ್ಷ ಅವ್ವನ ದಿಂಬಿನ ತುಂಬ ಹೂವು.

ಮರುಬೇಸಿಗೆಗೆ ಗಿಡ ಸೊರಗಿತು. ಎಲೆ ಹಳದಿಯಾಯಿತು, ಮೊಗ್ಗು ಕಡ್ಡಿಯಲ್ಲೇ ಕರಟಿತು. ತಾತ ಬಂದು ಬೆರಳು ಚುಚ್ಚಿ ನೋಡಿದರು. "ನೀರು ಸರಿ ಐತಿ. ನಿನ್ನ ಕೈಗುಣನ ಸುಮಾರು ನೋಡವ್ವಾ. ನಿಮ್ಮವ್ವನ ಕೈ ಬ್ಯಾರೆ."

ಅದನ್ನೂ ನಂಬಿದೆ. ನನ್ನ ಕೈ ಸೋಕಿದರೆ ಇನ್ನಷ್ಟು ಕೆಡುತ್ತದೆಂದು ಆ ಗಿಡದ ಹತ್ತಿರ ಹೋಗುವುದನ್ನೇ ಬಿಟ್ಟೆ. ಅವ್ವ ದಿನಾ ಕೇಳುತ್ತಿದ್ದಳು. ತಾಳಲಾರದೆ ಒಂದು ದಿನ ಮಾರ್ಕೆಟ್ಟಿನ ಮಲ್ಲಿಗೆ ತಂದು ದಿಂಬಿನ ಮೇಲಿಟ್ಟೆ. ಮೂಸಿ ನೋಡಿ, "ಇದು ನಮ್ಮ ಹಿತ್ತಿಲದ್ದಲ್ಲ ಬಿಡು," ಎಂದು ಗೋಡೆ ಕಡೆ ಹೊರಳಿದಳು. ಅದೇ ವಾರ ತಾತ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟರು. "ನಮ್ಮ ಹಿತ್ತಿಲದ್ದು. ನಿಮ್ಮವ್ವಗ ತಿನ್ಸು." ಹಣ್ಣು ಬಹಳ ಸಿಹಿಯಾಗಿತ್ತು. ಅವ್ವನಿಗೆ ನಾನೇ ಸುಲಿದು ತಿನ್ನಿಸಿದೆ.

ಮಲ್ಲಿಗೆ ಪೂರ್ತಿ ಒಣಗಿತು. ಮಳೆ ಹಿಡಿಯುವ ಮೊದಲೇ ಅವ್ವನೂ ಹೋದಳು. ಕಾರ್ಯದ ಊಟ ಮುಗಿದ ಮರುದಿನ ತೊಳೆದ ಲೋಟಗಳನ್ನು ಹಿತ್ತಿಲಲ್ಲಿ ಬೋರಲು ಹಾಕಿದ್ದೆ. ಅವನ್ನು ನೋಡುತ್ತ ನಿಂತವಳಿಗೆ ಏನನ್ನಿಸಿತೋ, ಒಂದೊಂದನ್ನೇ ಒಯ್ದು ಹನಿಗಳ ಕೆಳಗಿಟ್ಟು ನೀರು ಬಿಟ್ಟೆ. ಕಾಲು ಗಂಟೆಯಲ್ಲಿ ಟ್ಯಾಂಕು ಒಂದು ಗೇಣು ಇಳಿದಿತ್ತು. ಲೋಟಗಳನ್ನೆಲ್ಲ ಬಕೆಟ್ಟಿಗೆ ಸುರಿದರೆ ಇಳಿದ ನೀರಿನ ಅರ್ಧವೂ ಇಲ್ಲ. ಮಲ್ಲಿಗೆಯ ಲೋಟದ ತಳ ಮಾತ್ರ ಒದ್ದೆ.

ಕುರ್ಪಿ ಹಿಡಿದು ಎರಡನೇ ಸಾಲಿನುದ್ದಕ್ಕೂ ಕೆದರಿದೆ. ಮಲ್ಲಿಗೆಗಿಂತ ಒಂದು ಮಾರು ಮೊದಲು, ಕಬ್ಬಿನ ಗರಿಯ ಅಡಿಯಲ್ಲಿ ಒಂದು ಜಾಯಿಂಟು. ಅಲ್ಲಿಂದ ಹೊರಟ ಕರಿ ಪೈಪು ಗೋಡೆಯ ಬುಡದಲ್ಲಿ ನುಸುಳಿತ್ತು. ಗೋಡೆಯಾಚೆ ನಾಲ್ಕು ಬಾಳೆಗಿಡ ಗೊನೆಯ ಭಾರಕ್ಕೆ ಬಾಗಿ ನಿಂತಿದ್ದವು.

ಜಾಯಿಂಟು ಕಿತ್ತುಕೊಂಡೇ ಅವರ ಜಗಲಿಗೆ ಹೋದೆ.

"ತಾತ, ಇದೇನ್ರಿ?"

ಅವರು ಅದನ್ನು ನೋಡಿದರು. ನನ್ನ ಮುಖ ನೋಡಲಿಲ್ಲ. "ನನ್ನ ಬೋರು ಬತ್ತಿ ವರ್ಷದ ಮ್ಯಾಲಾತವ್ವಾ."

"ಕೇಳಿದ್ರ ನಾ ಕೊಡ್ತಿರ್ಲಿಲ್ಲೇನ್ರಿ?"

"ಇಷ್ಟು ಸೀಮಿಗೆ ನೀರು ಬಿಟ್ಟಾಂವ ನಾನು. ಒಂದು ಕೊಡ ಕೊಡ್ರಿ ಅಂತ ಯಾವ ಬಾಯಿಲೆ ಕೇಳ್ಲಿ?"

"ನನ್ನ ಕೈಗುಣ ಸರಿ ಇಲ್ಲ ಅನ್ನಾಕ ಬಾಯಿ ಇತ್ತಲ್ರಿ?"

ಅವರು ಆ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು.

ನೀರು ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಒಣಗಿದ ಮಣ್ಣಿಗೆ ಬೆರಳು ಚುಚ್ಚಿ, ಒಣಗಿದೆ ಎಂದು ತಿಳಿದೂ, ಸರಿ ಇದೆ ಎಂದರಲ್ಲ! ಅವ್ವ ಸಾಯುವಾಗ ಅವಳ ಗಿಡವನ್ನು ನಾನೇ ಕೊಂದೆ ಎಂಬ ಪಾಪವನ್ನು ನನ್ನ ತಲೆಗೆ ಕಟ್ಟಿ, ಬಾಳೆಹಣ್ಣು ಕೊಟ್ಟರಲ್ಲ! ಅವತ್ತಿನಿಂದ ಅವರೊಡನೆ ಮಾತು ಬಿಟ್ಟೆ. ಪೈಪು ಕತ್ತರಿಸಿ ಬಿರಡೆ ಹಾಕಿದೆ. ಅವರೂ ಗೋಡೆಯ ಹತ್ತಿರ ಸುಳಿಯಲಿಲ್ಲ. ಬಾಳೆ ಒಂದೊಂದಾಗಿ ಒಣಗುವುದನ್ನು ನಾನು ಈಚೆಯಿಂದ ನೋಡಿದೆ. ಸಮಾಧಾನವೇನೂ ಆಗಲಿಲ್ಲ.

ಈಗ ಓಣಿಯಲ್ಲಿ ಯಾರೇ ಹನಿ ನೀರಿನ ಪೈಪು ಹಾಕಿಸಿದರೂ ನನ್ನನ್ನು ಕರೆಯುತ್ತಾರೆ. ಹೋಗಿ ರಂಗೋಲಿಯಲ್ಲಿ ಮೂರು ಗೆರೆ ಎಳೆಯುತ್ತೇನೆ, ಲೋಟ ಇಡಿಸುತ್ತೇನೆ, ಕೊನೆಯ ಗಿಡದ ಲೋಟವನ್ನು ಮೊದಲು ನೋಡುತ್ತೇನೆ. ಯಾರು ಕಲಿಸಿದರು ಎಂದರೆ ಹೇಳಲು ನಾಲಿಗೆ ಏಳುವುದಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಹೋಗಬಾರದೆಂದುಕೊಂಡೇ ಹೋದೆ. ನಮ್ಮಲ್ಲಿ ಹೂಳುವಾಗ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಬೇಕು. ನನ್ನ ಸರದಿ ಬಂದಾಗ ಮಣ್ಣಿನ ಗುಡ್ಡೆಯ ಮುಂದೆ ಕೂತೆ. ಹಿಡಿ ತುಂಬಿಕೊಳ್ಳುವ ಮೊದಲೇ ನನ್ನ ತೋರುಬೆರಳು ಎರಡನೇ ಗೆಣ್ಣಿನವರೆಗೆ ತಾನಾಗಿ ಮಣ್ಣಿಗಿಳಿದಿತ್ತು. ಪೂರ್ತಿ ಒಣಗಿತ್ತು. ಸಿಟ್ಟು ಆಗಲೂ ಇಳಿದಿರಲಿಲ್ಲ. ಒಂದು ಹಿಡಿ ಹಾಕಿದೆ. ಎಲ್ಲರೂ ಕೈ ತೊಳೆಯಲು ಬಕೆಟ್ಟಿನ ಸುತ್ತ ನಿಂತಿದ್ದರು. ನಾನು ಆ ಬೆರಳು ತೊಳೆಯದೆ ಮನೆಗೆ ನಡೆದೆ.