ಎಡೆಗಿಟ್ಟ ಸ್ಕಾಚ್

ಸತ್ತವರು ಮಹಾಲಯ ಅಮಾವಾಸ್ಯೆಗೆ ಬಂದು ಎಡೆ ಉಂಡು ಹೋಗುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಉಂಡರೆ ಎಲೆಯ ಮೇಲಿನ ಹೋಳಿಗೆ ಕಡಿಮೆಯಾಗಬೇಕಲ್ಲ ಎಂದು ಅವ್ವನನ್ನೇ ಕಾಡಿಸಿದವನು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನಗುವುದನ್ನು ಬಿಟ್ಟು ಆರು ವರ್ಷವಾಯಿತು.

ನನ್ನ ತಮ್ಮ ವಿಠ್ಠಲ ನಮ್ಮ ಊರ ಹೊರಗಿನ ಹಿಂಗಣಾದ ಒಂದು ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ. ಹೊಸ ಯಂತ್ರದ ತರಬೇತಿಗೆಂದು ಕಂಪನಿ ಅವನನ್ನು ಸ್ಕಾಟ್ಲೆಂಡಿಗೆ ಕಳಿಸಿತು. ಬರುವಾಗ ಒಂದೇ ಒಂದು ಸ್ಕಾಚ್ ಬಾಟಲಿ ತಂದವನು ನೇರ ಸದರ್ ಬಡಾವಣೆಯ ನನ್ನ ಮನೆಗೆ ಬಂದ.

"ಅಣ್ಣಾ, ಅಲ್ಲಿ ಮಣ್ಣಿನ ಹೆಂಟಿ ಸುಟ್ಟು ಇದಕ್ಕ ಹೊಗಿ ಕೊಡ್ತಾರ. ಇಬ್ರೂ ಕೂಡೇ ಒಡಿಯೂಣು ಬಾ," ಅಂದ.

"ಅದನ್ನ ಹಿಡಕೊಂಡು ನನ್ನ ಹೊಸ್ತಿಲಾ ದಾಟಬ್ಯಾಡ," ಅಂದೆ.

ಕಚೇರಿಯ ಪಾರ್ಟಿಗಳಲ್ಲಿ ಸಾಹೇಬರ ಜೊತೆ ಕುಡಿಯುತ್ತಿದ್ದ ನಾನು ಅಂದ ಮಾತಿದು! ನಿಜ ಹೇಳಿಬಿಡುತ್ತೇನೆ, ಅದು ಮಡಿಯಲ್ಲ, ಹೊಟ್ಟೆಕಿಚ್ಚು. ಎಂ.ಎ. ಮಾಡಿದ ನಾನು ಕುರ್ಚಿ ಬಿಟ್ಟು ಕದಲಿರಲಿಲ್ಲ, ಐಟಿಐ ಮಾಡಿದವನು ವಿಮಾನ ಹತ್ತಿ ಬಂದಿದ್ದ. ಅವನು ಬಾಟಲಿ ಹಿಡಿದುಕೊಂಡೇ ಮೆಟ್ಟಿಲಿಳಿದು ಹೋದ. ಮತ್ತೆ ನಾವು ಮಾತಾಡಲಿಲ್ಲ. ಎಂಟು ತಿಂಗಳಾಗುವಷ್ಟರಲ್ಲಿ, ಡ್ಯೂಟಿಗೆ ಹೋಗುವ ಬಸ್ಸಿನಲ್ಲೇ ಎದೆ ಹಿಡಿದುಕೊಂಡು ತೀರಿಕೊಂಡ.

ಆ ವರ್ಷದ ಅಮಾವಾಸ್ಯೆಗೆ ಅವನ ಹೆಂಡತಿ ಸುಮಾ ಫೋಟೋದ ಮುಂದೆ ಎಡೆಯ ಪಕ್ಕ ಆ ಬಾಟಲಿ ಇಟ್ಟಳು. ಸೀಲು ಹಾಗೇ ಇತ್ತು. "ಅಣ್ಣ ಬಂದಾಗನ ಒಡೀತೀನಿ ಅಂತಿದ್ರು, ಭಾವಾರ," ಎಂದಳು. ನಾನೇ ಸೀಲು ಒಡೆದು ಅವನಿಗೊಂದು, ನನಗೊಂದು ಗ್ಲಾಸು ಸುರಿದೆ. ಮನೆ ತುಂಬ ಹಸಿ ಕಟ್ಟಿಗೆಯ ಹೊಗೆ, ದವಾಖಾನೆಯ ಟಿಂಕ್ಚರಿನ ವಾಸನೆ. ಹಿರಿಯರು ಉಣ್ಣಲೆಂದು ನಮ್ಮ ಪದ್ಧತಿಯಂತೆ ಬಾಗಿಲು ಮುಂದೆ ಮಾಡಿ ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಂತೆವು.

ಒಳಗೆ ಬಂದಾಗ ಎಲ್ಲ ಇಟ್ಟಲ್ಲೇ ಇತ್ತು, ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ನನ್ನ ಗ್ಲಾಸು ಎತ್ತಿ ಒಂದು ಗುಟುಕು ಕುಡಿದೆ. ನೀರು. ವಾಸನೆಯಿಲ್ಲ, ಉರಿಯಿಲ್ಲ, ಬರೀ ನಲ್ಲಿಯ ನೀರು. ಬಾಟಲಿಯಿಂದ ಮತ್ತೆ ಹಾಕಿಕೊಂಡು ಕುಡಿದೆ, ಅದೂ ನೀರೇ. ಸುಮಾಳ ಅಣ್ಣ, ವಾಡಿಯಲ್ಲಿ ಟ್ರಕ್ ಓಡಿಸುವವನು, ನನ್ನ ಕೈಯಿಂದ ಅದೇ ಗ್ಲಾಸು ಇಸಿದುಕೊಂಡು ಬಾಯಿಗೆ ಹಚ್ಚಿದವನೇ ಕೆಮ್ಮತೊಡಗಿದ.

"ಬಾಪ್ ರೇ! ಗಂಟಲದಾಗ ಒಲಿ ಹಚ್ಚಿದಂಗ ಆತಲ್ರೀ!"

ನನ್ನ ನಾಲಿಗೆಯೇನೂ ಕೆಟ್ಟಿರಲಿಲ್ಲ. ಆ ದಿನದ ಹೋಳಿಗೆ ಸಿಹಿಯಾಗೇ ಇತ್ತು, ಉಪ್ಪಿನಕಾಯಿ ಹುಳಿಯಾಗೇ ಇತ್ತು. ಆಮೇಲೆ ಡಾಕ್ಟರಿಗೂ ತೋರಿಸಿದೆ, ಏನೂ ಆಗಿಲ್ಲವೆಂದರು. ಪಾರ್ಟಿಯಲ್ಲಿ ಬೇರೆ ಸ್ಕಾಚ್ ಕುಡಿದು ನೋಡಿದೆ, ಗಂಟಲು ಚೆನ್ನಾಗಿಯೇ ಸುಟ್ಟಿತು.

"ಹ್ಯಾಂಗೈತ್ರಿ, ಭಾವಾರ?" ಎಂದು ಅಂದು ಸುಮಾ ಕೇಳಿದ್ದಳು. ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

"ಭಾಳ ಕಡಕ್ ಐತಿ," ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸಾಕ್ರಿ. ನಿಮ್ಮ ಗಂಟಲಕ್ಕ ಹತ್ತಿತಂದ್ರ ಅವರ ಸಿಟ್ಟು ಇಳೀತು," ಎಂದಳು.

ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಅವಳು ಆ ಬಾಟಲಿಯಿಂದ ಎಡೆಗೊಂದು ಗ್ಲಾಸು ಇಟ್ಟು, ನನಗೊಂದು ಗುಟುಕು ಹಾಕಿಕೊಡುತ್ತಾಳೆ. ನಾನು ಕುಡಿದು ಕಡಕ್ ಎನ್ನುತ್ತೇನೆ. ಬಾಟಲಿ ಈಗ ತಳ ಕಂಡಿದೆ, ಹೆಚ್ಚೆಂದರೆ ಇನ್ನೆರಡು ವರ್ಷಕ್ಕಾದೀತು. ಅಷ್ಟರೊಳಗೆ ಒಂದು ಸಲವಾದರೂ ನನ್ನ ಗಂಟಲು ಸುಡಬೇಕು. ಈ ವರ್ಷವೂ ಸುಡಲಿಲ್ಲ.