ಗಾಜಕ್ಕನೂ ಮಣ್ಣಿನ ಕುದುರೆಯೂ

ಹೊರಗೆ ಬೀದಿದೀಪ ಇನ್ನೂ ಆರಿಲ್ಲ. ವಸ್ತುಸಂಗ್ರಹಾಲಯದ ದೊಡ್ಡ ಹಾಲ್‌ನಲ್ಲಿ ಹೆಂಗಸೊಬ್ಬರು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ‘ಹಾ’ ಎಂದು ಉಸಿರು ಬಿಡುತ್ತಾರೆ. ಗಾಜಿಗೆ ಮಂಜು ಕಟ್ಟುತ್ತದೆ. ನಿನ್ನೆ ಬಂದವರ ಬೆರಳು, ಹಣೆ, ಮಕ್ಕಳ ತುಟಿ, ಎಲ್ಲದರ ಗುರುತೂ ಎದ್ದು ಬರುತ್ತದೆ. ಮರುಕ್ಷಣ ಹಳೇ ಬೆಡ್‌ಶೀಟಿನ ತುಂಡೊಂದು ಮೇಲಿಂದ ಕೆಳಕ್ಕೆ ಸರ್ರನೆ ಇಳಿಯುತ್ತದೆ. ಗಾಜು ಮಾಯ! ಆಚೆ ಮಣ್ಣಿನ ಕುದುರೆಯೊಂದು ಹಲ್ಲು ಕಿರಿದು ನಿಂತಿದೆ.

“ನೋಡಿ, ನೋಡಿ! ಈಗ ಕೆನೆಯುತ್ತೆ ಅನ್ನಿಸಲ್ವಾ?” ಎನ್ನುತ್ತಾರೆ. ದಿನಾ ನೋಡುವ ಕುದುರೆಯನ್ನು ಇವತ್ತೇ ಮೊದಲು ಕಂಡವರ ಹಾಗೆ ಅವರ ಕಣ್ಣು ಅರಳಿದೆ.

ಇಲ್ಲಿ ಎಲ್ಲರಿಗೂ ಇವರು ಗಾಜಕ್ಕ. ಹಾಲ್‌ನಲ್ಲಿ ಈಗ ಚೀನಾದ ಪ್ರಾಚೀನ ಸಮಾಧಿಗಳಲ್ಲಿ ಸಿಕ್ಕ ವಸ್ತುಗಳ ಪ್ರದರ್ಶನ ನಡೆಯುತ್ತಿದೆ. ಸತ್ತ ಒಡೆಯನಿಗೆ ಆಚೆ ಲೋಕದಲ್ಲಿ ಯಾವುದಕ್ಕೂ ಕೊರತೆಯಾಗಬಾರದೆಂದು ಜೊತೆಗಿಟ್ಟ ಮಣ್ಣಿನ ಒಲೆ, ಬಾವಿ, ಕಣಜ, ಕಾವಲುನಾಯಿ, ವಾದ್ಯದವರು, ಮೊಣಕಾಲು ದಾಟುವ ಅಂಗಿತೋಳಿನ ನರ್ತಕಿ. ಒಲೆಯ ಪಕ್ಕ ಕೂತ ಅಡುಗೆಯವಳನ್ನು ತೋರಿಸಿ ಗಾಜಕ್ಕ ನಗುತ್ತಾರೆ. “ಯಜಮಾನ ಸತ್ರೂ ಇವಳಿಗೆ ರಜಾ ಸಿಗ್ಲಿಲ್ಲ ಪಾಪ. ನಾನಾದ್ರೂ ಭಾನುವಾರ ಮನೇಲಿರ್ತೀನಿ.”

ಇಪ್ಪತ್ತಕ್ಕೂ ಹೆಚ್ಚು ಗಾಜಿನ ಪೆಟ್ಟಿಗೆಗಳನ್ನು ಬಾಗಿಲು ತೆರೆಯುವ ಮುಂಚೆ ಒರೆಸಿ ಮುಗಿಸಬೇಕು. ತೊಳೆಯುವ ನೀರನ್ನು ಗಾಜಿಗೆ ನೇರವಾಗಿ ಸಿಂಪಡಿಸುವಂತಿಲ್ಲ. ಸಂದಿಯಿಂದ ತೇವ ಒಳಗೆ ಹೋದರೆ ಗೊಂಬೆಗಳ ಹಳೇ ಬಣ್ಣ ಉದುರಬಹುದು. ಬಟ್ಟೆಗೆ ಹಾಕಿಕೊಂಡು, ಹಿಂಡಿ, ಆಮೇಲೆ ಒರೆಸಬೇಕು. ಅದರಿಂದ ಬೆರಳ ತುದಿಗಳು ಒಡೆದಿವೆ. ಬಲಭುಜ ಸಂಜೆ ಹೊತ್ತಿಗೆ ಮಾತು ಕೇಳುವುದಿಲ್ಲ.

ಮೊದಲು ಇವರು ಬಸ್ ಡಿಪೋದಲ್ಲಿ ಬಸ್ಸಿನ ಗಾಜು ತೊಳೆಯುತ್ತಿದ್ದರು. ಗಂಡ ಸಿಕ್ಕಿದ್ದೂ ಅಲ್ಲೇ, ಸ್ಟಿಯರಿಂಗ್ ಹಿಂದೆ. “ಮುಂದಿನ ಗಾಜು ಒರೆಸ್ದೆ, ಇವರ ಮುಖ ಫಳಫಳ ಅಂತ ಕಾಣ್ತು. ಮಬ್ಬಾಗೇ ಬಿಟ್ಟಿದ್ರೆ ತಪ್ಪಿಸ್ಕೋಬಹುದಿತ್ತು,” ಎನ್ನುತ್ತಾರೆ. ಈಗ ಸಂಜೆಯಾದರೆ ಮಗಳಿಗೆ ದಿನಕ್ಕೊಂದು ಗೊಂಬೆಯ ಕತೆ ಬೇಕು. ನರ್ತಕಿಯ ಸರದಿ ಬಂದ ದಿನ ಗಾಜಕ್ಕ ಗಂಡನ ಸ್ವೆಟರ್ ತೊಟ್ಟು, ಜೋಲುವ ತೋಳು ಬೀಸಿ ಅಡುಗೆಮನೆ ತುಂಬ ಕುಣಿದು ತೋರಿಸಿದರಂತೆ. ಒಂದು ಲೋಟ ಒಡೆಯಿತು. ಮಗಳು ಇನ್ನೊಮ್ಮೆ ಕುಣಿಯಮ್ಮ ಎಂದಳು.

ಕೆಲಸ ಕೆಟ್ಟರೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಚೆನ್ನಾಗಿ ಮಾಡಿದರೆ ಕೆಲಸವೇ ಕಾಣುವುದಿಲ್ಲ. ಮನೆ ನಡೆಸಿದವರಿಗೆಲ್ಲ ಈ ಸಂಕಟ ಗೊತ್ತು. ಗಾಜಕ್ಕನಿಗೆ ಮಾತ್ರ ಚೆನ್ನಾಗಿ ಮಾಡಿದ್ದೇ ಮುಳುವಾಯಿತು. ಕಳೆದ ವಾರ ನಿವೃತ್ತ ಮೇಷ್ಟ್ರೊಬ್ಬರು ಕುದುರೆಯ ಹಲ್ಲು ನೋಡಲು ಮುಂದೆ ಬಂದವರು, ನಡುವೆ ಗಾಜಿದೆ ಎಂದೇ ತಿಳಿಯದೆ ಹಣೆ ಬಡಿದುಕೊಂಡರು. ಕನ್ನಡಕ ಸೊಟ್ಟಗಾಯಿತು, ಹಣೆ ಊದಿತು.

ಗಾಜು ಕಾಣಲೆಂದು ಅದಕ್ಕೆ ಪಟ್ಟಿ ಅಂಟಿಸುವಂತಿಲ್ಲ, ಅದು ವಸ್ತು ಕಳಿಸಿದವರ ಷರತ್ತು. “ಸ್ವಲ್ಪ ಮಬ್ಬು ಬಿಡಮ್ಮ,” ಎಂದರು ಮೇಲ್ವಿಚಾರಕರು. ಗಾಜಕ್ಕ ಬಿಟ್ಟೂ ನೋಡಿದರು. “ಒಂದು ಮೂಲೆ ಹಾಗೇ ಬಿಟ್ಟು ನಾಲ್ಕು ಹೆಜ್ಜೆ ಹೋದೆ. ಬೆನ್ನು ತುರಿಸೋಕೆ ಶುರುವಾಯ್ತು. ವಾಪಸ್ ಬಂದು ಒರೆಸ್ಬಿಟ್ಟೆ.” ಇನ್ನೊಬ್ಬರ ಹಣೆ ತಗುಲಿದರೆ ಮೆಟ್ಟಿಲು ಗುಡಿಸುವ ಕೆಲಸಕ್ಕೆ ಹಾಕುತ್ತೇನೆ ಎಂದು ಮೇಲ್ವಿಚಾರಕರು ಖಡಾಖಂಡಿತವಾಗಿ ಹೇಳಿದ್ದಾರೆ. ಸಂಬಳ ಅಲ್ಲೂ ಅಷ್ಟೇ, ಭುಜಕ್ಕೂ ಸುಖ. “ಆದ್ರೆ ಮೆಟ್ಟಿಲಿಂದ ಕುದುರೆ ಕಾಣಲ್ಲ ಸಾರ್,” ಎನ್ನುತ್ತಾರೆ ಗಾಜಕ್ಕ. “ಇವೆಲ್ಲ ಪ್ರದರ್ಶನ ಮುಗಿದ್ಮೇಲೆ ತಮ್ಮೂರಿಗೆ ಹೋಗ್ಬಿಡ್ತಾವೆ. ಆಮೇಲೆ ನಾನೆಲ್ಲಿ ಹುಡುಕ್ಲಿ?”

ದಾರಿ ತೋರಿಸಿದ್ದು ಡ್ರೈವರ್ ಗಂಡ. ಊಟಕ್ಕೆ ಕೂತಾಗ ಹೆಂಡತಿಯ ಗೋಳು ಕೇಳಿ, “ಅಷ್ಟೇ ತಾನೆ? ರಸ್ತೆಗೊಂದು ಹಂಪ್ ಹಾಕು,” ಎಂದರಂತೆ. ಕಣ್ಣು ಎಲ್ಲೇ ಇರಲಿ, ಹಂಪ್ ಬಂದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ ಎಂಬುದು ಅವರ ಅನುಭವ. ಗಾಜಕ್ಕ ಉಗ್ರಾಣದಿಂದ ಉದ್ದನೆಯ ನಾರಿನ ಮ್ಯಾಟ್ ಹುಡುಕಿ ತಂದು, ಕುದುರೆಯ ಗಾಜಿಗಿಂತ ಒಂದು ಹೆಜ್ಜೆ ಈಚೆಗೆ ಹಾಸಿದ್ದಾರೆ. ಇವತ್ತೇ ಅದರ ಪರೀಕ್ಷೆ.

ಬಾಗಿಲು ತೆರೆಯುತ್ತದೆ. ಮೇಲ್ವಿಚಾರಕರು ಕೈಕಟ್ಟಿ ಕಂಬಕ್ಕೆ ಒರಗಿದ್ದಾರೆ. ಮೊದಲು ಬಂದ ಶಾಲೆ ಮಕ್ಕಳ ದಂಡು “ಕುದುರೆ! ಕುದುರೆ!” ಎಂದು ನುಗ್ಗುತ್ತದೆ. ನುಣುಪು ನೆಲದ ಮೇಲೆ ಓಡಿದ ಕಾಲುಗಳಿಗೆ ಒರಟು ನಾರು ಸಿಕ್ಕಿದ್ದೇ ತಡ, ಮುಂದಿನ ಸಾಲು ಗಕ್ಕನೆ ನಿಲ್ಲುತ್ತದೆ. ಹಿಂದಿನ ಸಾಲು ಅದರ ಬೆನ್ನಿಗೆ ಒರಗುತ್ತದೆ. ಗಾಜು ಮಾತ್ರ ಯಾರಿಗೂ ತಾಗಿಲ್ಲ. ಗಾಜಕ್ಕ ಬಟ್ಟೆಯನ್ನು ಹಿಂಡುತ್ತಲೇ ಇದ್ದಾರೆ, ಅದರಲ್ಲಿ ಹನಿ ನೀರೂ ಉಳಿದಿಲ್ಲ.

ಅಷ್ಟರಲ್ಲಿ ಕಾವಲುಗಾರ ಪಿಸುಗುಟ್ಟುತ್ತಾನೆ. “ಗಾಜಕ್ಕಾ, ನಿಮ್ಮ ಮೇಷ್ಟ್ರು ಬಂದ್ರು!”

“ಸುಮ್ನಿರಣ್ಣ, ನಂಗೂ ಕಾಣ್ತಿದಾರೆ.”

ಹಣೆಗೆ ಪಟ್ಟಿ, ಮೂಗಿನ ಮೇಲೆ ರಿಪೇರಿಯಾದ ಕನ್ನಡಕ. ಅವತ್ತು ನೋಡಲಾಗದ ಹಲ್ಲನ್ನು ನೋಡಿಯೇ ತೀರಬೇಕೆಂದು ಮೇಷ್ಟ್ರು ಬಂದಿದ್ದಾರೆ. ಕುದುರೆಯ ಮೇಲಿನ ಕಣ್ಣು ಕೀಳದೆ ನಡೆಯುತ್ತಾರೆ. ಮೇಲ್ವಿಚಾರಕರು ಕಂಬ ಬಿಟ್ಟು ನೆಟ್ಟಗಾಗುತ್ತಾರೆ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಚಪ್ಪಲಿ ಮ್ಯಾಟಿಗೆ ಸಿಕ್ಕಿ ಕರಕ್ಕೆನ್ನುತ್ತದೆ. ಮೇಷ್ಟ್ರು ನಿಲ್ಲುತ್ತಾರೆ. ಕಾಲು ನೋಡಿಕೊಳ್ಳುತ್ತಾರೆ, ಎದುರಿಗೆ ನೋಡುತ್ತಾರೆ. ಗಾಜು ಇದೆಯೇ? ಕಾಣುತ್ತಿಲ್ಲ. ಕತ್ತಲಲ್ಲಿ ಸ್ವಿಚ್ಚು ಹುಡುಕುವವರ ಹಾಗೆ ತೋರುಬೆರಳನ್ನು ಮೆಲ್ಲಗೆ ಮುಂದೆ ಚಾಚುತ್ತಾರೆ. ಟಕ್ಕೆಂದು ತಾಗುತ್ತದೆ.

“ಓಹೋ, ಇದೆ ಇದೆ!” ಎಂದು ಜೋರಾಗಿ ನಗುತ್ತಾರೆ ಮೇಷ್ಟ್ರು. ಮಕ್ಕಳೂ ನಗುತ್ತಾರೆ.

ಮೇಲ್ವಿಚಾರಕರು ಕಟ್ಟಿದ ಕೈ ಬಿಚ್ಚುತ್ತಾರೆ. “ಆಯ್ತಮ್ಮ. ಕುದುರೆ ಊರಿಗೆ ಹೋಗೋವರೆಗೂ ನೀನಿಲ್ಲೇ ಇರು. ಮಿಕ್ಕ ಗಾಜಿಗೂ ಮ್ಯಾಟ್ ಹಾಕ್ಸೋಣ.”

ಗಾಜಕ್ಕ ತಲೆಯಾಡಿಸುತ್ತಾರೆ, ಆದರೆ ದೃಷ್ಟಿ ಮೇಷ್ಟ್ರ ಮೇಲೆಯೇ ಇದೆ. ಮುಖ ಕೆಂಪಾಗಿದೆ, ನಗು ತಡೆಯಲಾಗುತ್ತಿಲ್ಲ.

“ಒಂದ್ಸಲ ಹಣೆ ಚಚ್ಚಿಸ್ಕೊಂಡೋರು ಸಾರ್ ಅವರು,” ಎನ್ನುತ್ತಾರೆ, ಮೆಲ್ಲಗೆ. “ಅವರೂ ಮುಟ್ಟಿ ನೋಡ್ಬೇಕಾಯ್ತಲ್ಲ!”