ಆಯುಧಪೂಜೆಯ ಶುಕ್ರವಾರ

ಕುವೈತಿನ ಸಾಲ್ಮಿಯಾದ ಕಟ್ಟಡಗಳ ನಡುವೆ ಇನ್ನೂ ಬರೀ ಮರಳು ಬಿದ್ದಿರುತ್ತಿದ್ದ ದಿನಗಳು ಅವು. ಎಂಬತ್ತರ ದಶಕದ ಮೊದಲ ವರ್ಷಗಳು; ನನಗೆ ಹತ್ತು ವರ್ಷವಿರಬೇಕು. ನಮ್ಮದು ಮೂರನೆಯ ಮಹಡಿಯ ಮನೆ. ಶುಕ್ರವಾರ ಮಧ್ಯಾಹ್ನವಾಯಿತೆಂದರೆ ಕೆಳಗಿನ ಖಾಲಿ ಜಾಗದಲ್ಲಿ ಯಾರೋ ಕ್ರಿಕೆಟ್ ಆಡುತ್ತಿದ್ದರು, ಯಾರೋ ಕಂಬಳಿ ಒಣಹಾಕುತ್ತಿದ್ದರು, ನನ್ನ ಅಪ್ಪ ಜೀಪಿನ ಕೆಳಗೆ ಮಲಗಿರುತ್ತಿದ್ದರು. ಮಂಡ್ಯದ ಕಡೆಯಿಂದ ಬಂದು ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಎಂಜಿನಿಯರ್ ಆಗಿದ್ದ ಮನುಷ್ಯ ವಾರದ ಒಂದೇ ರಜೆಯಲ್ಲೂ ಎಣ್ಣೆಯಲ್ಲೇ ಹೊರಳುವುದನ್ನು ಕಂಡು ಅಕ್ಕಪಕ್ಕದವರು ನಗುತ್ತಿದ್ದರು.

ಅದು ಜಪಾನಿನ ಹಳೆಯ ಫೋರ್ ವೀಲ್ ಜೀಪು. ನಾಲ್ಕನೆಯವರಿಂದಲೋ ಐದನೆಯವರಿಂದಲೋ ಅಪ್ಪನ ಕೈಗೆ ಬಂದದ್ದು. ಒಂದು ಕಾಲದಲ್ಲಿ ಹಸಿರು ಬಣ್ಣವಿತ್ತಂತೆ. ಮರಳುಗಾಳಿ ಅದನ್ನು ಉಜ್ಜಿ ಉಜ್ಜಿ ಯಾವ ಬಣ್ಣವೂ ಅಲ್ಲದಂತೆ ಮಾಡಿತ್ತು. ಮರಳಿಗೆ ಇಳಿದು ಬಂದಾಗಲೆಲ್ಲ ಅದರ ಯಾವುದಾದರೂ ಒಂದು ಭಾಗ ಬಿಚ್ಚಲೇಬೇಕಾಗುತ್ತಿತ್ತು. ಅಪ್ಪ ಹಾಲಿನ ಪುಡಿಯ ಡಬ್ಬಿಯಲ್ಲಿ ಸೀಮೆಎಣ್ಣೆ ತುಂಬಿ ಬೇರಿಂಗುಗಳನ್ನು ಅದ್ದಿ ತೊಳೆಯುತ್ತಿದ್ದರು. ಸವೆದ ಬೇರಿಂಗ್ ಸಿಕ್ಕಿದರೆ ನನಗೆ ಹಬ್ಬ. ಅದನ್ನು ಒಡೆದು ತೆಗೆದ ಉಕ್ಕಿನ ಗುಂಡುಗಳೇ ನನ್ನ ಗೋಲಿಗಳು. ಗಾಜಿನ ಗೋಲಿ ಇಟ್ಟುಕೊಂಡಿದ್ದ ಹುಡುಗರು ನನ್ನನ್ನು ಆಟಕ್ಕೆ ಸೇರಿಸಲು ಹೆದರುತ್ತಿದ್ದರು.

ಅಪ್ಪನಿಗೆ ಈ ಹುಚ್ಚು ಹಿಡಿಸಿದ್ದು ಹಸನಾಕ. ಬಂಟ್ವಾಳದ ಕಡೆಯ ಬ್ಯಾರಿ, ನಮ್ಮ ಬೀದಿಯ ತುದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಅಂಗಡಿಯಲ್ಲಿದ್ದ ಊರಿನವರು ಹಸನಾಕ ಎನ್ನುತ್ತಿದ್ದರು, ಕೇಳಿ ಕೇಳಿ ನಾವೂ ಹಾಗೇ ಕರೆದೆವು. ಅಮ್ಮ ಮಾತ್ರ ಹಸನಣ್ಣ ಎನ್ನುತ್ತಿದ್ದಳು. ಅವರ ಬಳಿಯೂ ಅಂಥದೇ ಒಂದು ಮುದಿ ಜೀಪು. ಮರುಭೂಮಿಯ ಒಳಗೆ ಕುರಿ ಕಾಯುವವರ ಡೇರೆಯೊಂದಿತ್ತು. ಪ್ರತಿ ಶುಕ್ರವಾರ ಬೆಳಿಗ್ಗೆ ಅಲ್ಲಿಗೆ ನೀರಿನ ಪೀಪಾಯಿ, ಹಿಟ್ಟು, ಚಹಾಪುಡಿ ಒಯ್ಯುವುದು ಅವರ ಕೆಲಸ. ಹಿಂದೆ ಜೊತೆಗೆಂದು ನಮ್ಮ ಜೀಪು. ಒಂಟಿ ಗಾಡಿ ಮರಳಿಗೆ ಇಳಿಯಬಾರದು, ಅದು ಅಲ್ಲಿ ಎಲ್ಲರೂ ಪಾಲಿಸುತ್ತಿದ್ದ ನಿಯಮ. ಒಂದು ಹೂತರೆ ಇನ್ನೊಂದು ಎಳೆಯಬೇಕು.

ಆ ಬೆಳಗುಗಳ ಸುಖವನ್ನು ಹೇಗೆ ಹೇಳಲಿ. ಡಾಂಬರು ಮುಗಿದ ಕಡೆ ಇಬ್ಬರೂ ಗಾಡಿ ನಿಲ್ಲಿಸಿ ಟೈರುಗಳ ಗಾಳಿ ಇಳಿಸುತ್ತಿದ್ದರು. ಗಾಳಿ ತುಂಬಿದ ಟೈರು ಮರಳನ್ನು ಅಗೆಯುತ್ತದೆ, ಮೆತ್ತಗಾದದ್ದು ಮರಳಿನ ಮೇಲೆ ಹರಡಿಕೊಂಡು ಸಾಗುತ್ತದೆ. ಸುಯ್ಯೆಂದು ಹೊರಬರುವ ಆ ಗಾಳಿಗೆ ಬಿಸಿ ರಬ್ಬರಿನ ವಾಸನೆ. ಆಮೇಲೆ ಅಪ್ಪ ಇಳಿದು ಮುಂದಿನ ಎರಡೂ ಚಕ್ರಗಳ ನಟ್ಟನಡುವಿನ ಗುಂಬದಲ್ಲಿದ್ದ ತಿರುಪನ್ನು ಕೈಯಿಂದಲೇ ತಿರುಗಿಸುತ್ತಿದ್ದರು. ಆಗ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಬರುತ್ತಿತ್ತು. ಡೇರೆಯಲ್ಲಿ ನಮಗೆ ಖರ್ಜೂರ, ಹುಳಿ ಮಜ್ಜಿಗೆ. ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆಯನ್ನು ಕುರಿ ಕಾಯುವವರು ಮೂಗರಳಿಸಿ ತಿನ್ನುತ್ತಿದ್ದರು. ಮಧ್ಯಾಹ್ನದ ಜುಮ್ಮಾ ನಮಾಜಿನ ಹೊತ್ತಿಗೆ ಹಸನಾಕ ಸಾಲ್ಮಿಯಾದ ಮಸೀದಿಯಲ್ಲಿ ಇರುತ್ತಿದ್ದರು. ಆ ಲೆಕ್ಕ ಎಂದೂ ತಪ್ಪಿದ್ದಿಲ್ಲ.

ಆ ವರ್ಷ ಆಯುಧಪೂಜೆ ಶುಕ್ರವಾರವೇ ಬಿತ್ತು. ಅಮ್ಮನಿಗೆ ಬಹಳ ಸಂತೋಷ. ಪರದೇಶದಲ್ಲಿ ಹಬ್ಬಗಳನ್ನೆಲ್ಲ ರಜೆಯ ದಿನಕ್ಕೆ ಎಳೆದು ತರುವುದು ಅವಳಿಗೆ ಸರಿಬರುತ್ತಿರಲಿಲ್ಲ. ನನ್ನ ಅಮ್ಮ ಹಠಮಾರಿ, ಇದನ್ನು ಅವಳೆದುರಿಗೇ ಹೇಳಿದ್ದೇನೆ. ಊರಿನಲ್ಲಿ ಅಷ್ಟೇನೂ ಮಡಿ ಹಿಡಿಯದಿದ್ದವಳು ಕುವೈತಿಗೆ ಬಂದ ಮೇಲೆ ಒಂದೊಂದು ಶಾಸ್ತ್ರವನ್ನೂ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಬಿಟ್ಟರೆ ತಾನೇ ಎಲ್ಲಿಯೋ ಕಳೆದುಹೋಗುತ್ತೇನೆ ಎಂಬ ಹೆದರಿಕೆ ಇತ್ತೆಂದು ಈಗ ನನಗೆ ಅರ್ಥವಾಗುತ್ತದೆ.

ಗುರುವಾರ ಸಂಜೆ ಅವಳು ಅಪ್ಪನ ಸ್ಪ್ಯಾನರು, ಸುತ್ತಿಗೆ, ಜಾಕುಗಳನ್ನೆಲ್ಲ ಸೋಪುನೀರಿನಲ್ಲಿ ತೊಳೆದು ದೇವರ ಮುಂದೆ ಜೋಡಿಸಿ ಅರಿಶಿನ ಕುಂಕುಮ ಇಟ್ಟಳು. ನನ್ನ ಗಣಿತದ ಪುಸ್ತಕವೂ ಅಲ್ಲೇ ಸೇರಿತು, ನಾನೇನೂ ಬೇಡವೆನ್ನಲಿಲ್ಲ. ಜೀಪಿನ ಬಾನೆಟ್ಟಿಗೆ ಒಂದು ಹಾರ. ತೊಂದರೆಯೆಂದರೆ ಜೀಪಿನ ಮುಂದಿನ ಬಲಚಕ್ರ ಬಿಚ್ಚಿ, ಆ ಬದಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಲಾಗಿತ್ತು. ಬೇರಿಂಗಿಗೆ ಹೊಸ ಗ್ರೀಸು ತುಂಬಿ ಗುರುವಾರವೇ ಜೋಡಿಸಿಬಿಡಬೇಕೆಂದು ಅಪ್ಪ ಅಂದುಕೊಂಡಿದ್ದರು. ಪ್ಲಾಂಟಿನಲ್ಲಿ ಕೆಲಸ ಮುಗಿಯದೆ ಅವರು ಬರುವಷ್ಟರಲ್ಲಿ ಪೂಜೆಗೆ ಇಟ್ಟಾಗಿತ್ತು.

ಬೆಳಿಗ್ಗೆ ಹಸನಾಕ ಬಂದು ಮೂರು ಚಕ್ರದ ಗಾಡಿಯನ್ನು ನೋಡಿ ಮೇಲೆ ಹತ್ತಿ ಬಂದರು.

"ಎರಡು ಗಂಟೆ ಕೆಲಸ ಕಣೇ," ಅಪ್ಪ ಅಮ್ಮನಿಗೆ ಹೇಳಿದರು. "ಆ ದೊಡ್ಡ ಸ್ಪ್ಯಾನರ್ ಒಂದು ಕೊಟ್ಬಿಡು."

"ಪೂಜೆಗೆ ಇಟ್ಟಿದ್ದನ್ನ ನಾಳೆ ಬೆಳಿಗ್ಗೆ ಕದಲಿಸೋವರೆಗೂ ಮುಟ್ಟೋ ಹಾಗಿಲ್ಲ ಕಣ್ರೀ. ವರ್ಷಕ್ಕೊಂದು ದಿನ ಅವಕ್ಕೂ ಬಿಡುವು ಬೇಡ್ವಾ?" ಎಂದಳು ಅಮ್ಮ.

"ಹಸನಾಕ ಒಬ್ಬರೇ ಹೋಗೋ ಹಾಗಿಲ್ಲ."

"ಹಾಗಾದ್ರೆ ನಾಳೆ ಹೋಗ್ಲಿ."

ಹಸನಾಕ ಬಾಗಿಲಲ್ಲೇ ನಿಂತು ಅಮ್ಮನ ಪರವಾಗಿಯೇ ಮಾತಾಡಿದರು. "ಇರ್ಲಿ ಎಂಜಿನಿಯರೇ, ಪೂಜೆ ಅಂದ್ರೆ ಪೂಜೆಯೇ ಅಲ್ವಾ. ಅಲ್ಲಿ ಅವರಿಗೆ ಇವತ್ತಿಗೆ ನೀರು ಮುಗೀತದೆ. ಗೊತ್ತಿರುವ ದಾರಿ, ನಾನು ಹೋಗಿ ಬರ್ತೇನೆ. ಅಕ್ಕ, ನನಗೆ ಪಾಯಸ ತೆಗೆದಿಡಿ."

ಅವರು ಹೋದರು. ಅಮ್ಮ ರೇಷ್ಮೆ ಸೀರೆ ಉಟ್ಟು ಪೂಜೆ ಮಾಡಿದಳು. ಮನೆಯೆಲ್ಲ ಕರ್ಪೂರ, ಏಲಕ್ಕಿಯ ವಾಸನೆ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಹಸನಾಕರ ಭಾವಮೈದುನ ರಫೀಕ್ ಓಡಿಬಂದ. ಅಂಗಡಿಯಲ್ಲಿ ಅವರ ಜೊತೆಗಿದ್ದವನು ಅವನು.

"ಬಾವ ಜುಮ್ಮಾಕ್ಕೆ ಬರ್ಲಿಲ್ಲ," ಎಂದ. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವೇ ಇರಲಿಲ್ಲ.

ಅಪ್ಪ ಪೊಲೀಸ್ ಠಾಣೆಗೆ ಫೋನ್ ಮಾಡಿದರು. ಗಾಡಿ ಕಳಿಸುತ್ತೇವೆ, ಜಾಗ ಎಲ್ಲಿ ಎಂದು ಅವರು ಕೇಳಿದರು. ಹೆದ್ದಾರಿ ಬಿಟ್ಟ ಮೇಲೆ ಅದಕ್ಕೆ ಹೆಸರಿರಲಿಲ್ಲ, ದಾರಿ ತೋರುವ ಫಲಕ ಇರಲಿಲ್ಲ. ಆ ಜಾಡು ಗೊತ್ತಿದ್ದದ್ದು ಇಬ್ಬರಿಗೆ, ಅವರಲ್ಲಿ ಒಬ್ಬರು ಆ ಮರಳಿನಲ್ಲೇ ಎಲ್ಲೋ ಇದ್ದರು. ಅಪ್ಪ ಫೋನ್ ಇಟ್ಟರು. ಅಮ್ಮನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಅವಳಿಗೆ ಸುಲಭವಾಗುತ್ತಿತ್ತೇನೋ.

ಅಮ್ಮ ದೇವರ ಮುಂದೆ ಹೋಗಿ ಮಂಡಿಯೂರಿದಳು. "ತಾಯಿ, ಬೈಯೋದಿದ್ರೆ ನನ್ನೊಬ್ಬಳನ್ನೇ ಬೈ. ಈಗ ಇದು ಬೇಕು," ಎಂದಳು, ಪಕ್ಕದ ಮನೆಯವರನ್ನು ಏನೋ ಕೇಳಿ ಪಡೆಯುವಷ್ಟೇ ಸಹಜವಾಗಿ. ಹೂವು ಸರಿಸಿ ಸ್ಪ್ಯಾನರುಗಳನ್ನು ಸೀರೆಯ ಸೆರಗಿಗೆ ತುಂಬಿಕೊಂಡಳು. ಜಾಕನ್ನು ನಾನು ಎತ್ತಿಕೊಂಡೆ. ಕೆಳಗೆ ಮರಳಿನಲ್ಲಿ ಕುಳಿತು ಅವಳೇ ಬೇರಿಂಗಿಗೆ ಗ್ರೀಸು ತುಂಬಿದಳು. ಅಂಗೈಯಲ್ಲಿ ಗ್ರೀಸಿನ ಉಂಡೆ ಇಟ್ಟುಕೊಂಡು ಬೇರಿಂಗಿನ ಅಂಚನ್ನು ಅದಕ್ಕೆ ಒತ್ತುತ್ತಾ ಹೋಗಬೇಕು, ಒಳಗಿನ ಸಂದಿಯಿಂದ ಅದು ಹೊರಗೆ ಬರುವವರೆಗೆ. ಹೋಳಿಗೆಗೆ ಹೂರಣ ತುಂಬುವ ಕೈ, ಎಷ್ಟು ಬೇಗ ಕಲಿತಿತು. ಬಳೆಗಳಿಗೆಲ್ಲ ಕರಿ ಮೆತ್ತಿಕೊಂಡಿತ್ತು. ಅಪ್ಪ ಗುಂಬ ಕೂರಿಸಿ ನಟ್ಟು ಬಿಗಿದರು, ಚಕ್ರ ಹಾಕಿದರು. ಕತ್ತಲಾಗುವುದರೊಳಗೆ ನಾವು ಬಾರದಿದ್ದರೆ ಹೇಗೆ ಹುಡುಕಬೇಕೆಂದು ರಫೀಕನಿಗೆ ವಿವರಿಸಿ, ಅವನನ್ನು ಠಾಣೆಗೆ ಕಳಿಸಿ ಹೊರಟರು. ಅಮ್ಮ ಅದೇ ಸೀರೆಯಲ್ಲಿ ಮುಂದೆ ಕುಳಿತಳು. ನನ್ನನ್ನು ಯಾರದಾದರೂ ಮನೆಯಲ್ಲಿ ಬಿಟ್ಟುಹೋಗಲು ಹೊತ್ತಿರಲಿಲ್ಲ, ನಾನೂ ಹಿಂದೆ ಹತ್ತಿಕೊಂಡೆ.

ಡಾಂಬರು ಮುಗಿದ ಕಡೆ ಅಂದು ಅಪ್ಪ ಒಬ್ಬರೇ ಟೈರುಗಳ ಗಾಳಿ ಇಳಿಸಿದರು. ಅಕ್ಟೋಬರ್ ಎಂದರೆ ಅಲ್ಲಿ ಇನ್ನೂ ಬೇಸಗೆಯೇ. ಕಿಟಕಿಯಿಂದ ಬರುತ್ತಿದ್ದ ಗಾಳಿ ಒಲೆಯ ಮುಂದಿನ ಗಾಳಿಯ ಹಾಗಿತ್ತು. ಅಮ್ಮ ಮಡಿಲಲ್ಲಿ ಉಪ್ಪು ನಿಂಬೆಹುಳಿ ಬೆರೆಸಿದ ನೀರಿನ ಫ್ಲಾಸ್ಕ್ ಹಿಡಿದು ತುಟಿ ಆಡಿಸುತ್ತಲೇ ಇದ್ದಳು. ಯಾವ ಸ್ತೋತ್ರವೋ ಕೇಳಿಸಲಿಲ್ಲ. ವಿದ್ಯುತ್ ಕಂಬಗಳ ಸಾಲು ದಾಟಿ ಸ್ವಲ್ಪ ದೂರ ಹೋದ ಮೇಲೆ ಅವಳೇ ಮೊದಲು ಕಂಡದ್ದು. "ಅಲ್ಲಿ ನೋಡ್ರೀ, ಅಲ್ಲಿ," ಎಂದು ಅಪ್ಪನ ತೋಳು ಹಿಡಿದಳು. ಹಸನಾಕರ ಜೀಪು ಒಂದು ಬದಿಗೆ ವಾಲಿ ನಿಂತಿತ್ತು.

ನೀರು, ಹಿಟ್ಟು ಎಲ್ಲ ಕೊಟ್ಟು ಹಿಂದಿರುಗುವಾಗ ಟೈರು ಒಡೆದಿತ್ತು. ಒಬ್ಬರೇ ಚಕ್ರ ಬಿಚ್ಚಿ ಬದಲಿಸಲು ಹೊರಟಿದ್ದರು. ಮೇಲೆ ಸಡಿಲ ಮರಳು, ಒಂದು ಗೇಣು ಕೆಳಗೆ ಸಿಮೆಂಟಿನಂಥ ಗಟ್ಟಿ ನೆಲ. ಜಾಕು ಮರಳಿನಲ್ಲಿ ವಾಲಿ ಜಾರಿತ್ತು. ಚಕ್ರವಿಲ್ಲದ ಗುಂಬ ಅವರ ಎಡಗಾಲ ಪಾದದ ಮೇಲೆ ಕೂತಿತ್ತು. ಗಾಡಿಯ ನೆರಳಿನಲ್ಲಿ ಅವರು ಮಲಗಿದ್ದರು; ಅಗೆದು ಅಗೆದು ಬೆರಳುಗಳ ತುದಿ ಕಿತ್ತುಹೋಗಿತ್ತು. ಪಕ್ಕದಲ್ಲಿ ಇನ್ನೊಂದು ಗಾಡಿ ಇದ್ದಿದ್ದರೆ, ಒಬ್ಬ ಮನುಷ್ಯ ಇದ್ದಿದ್ದರೆ, ಐದು ನಿಮಿಷದ ಕೆಲಸ ಅದು.

ಅಪ್ಪ ನಮ್ಮ ಜೀಪಿನಲ್ಲಿದ್ದ ಹಲಗೆಯೊಂದನ್ನು ಹಾಸಿ ಅದರ ಮೇಲೆ ನಮ್ಮ ಜಾಕು ಇಟ್ಟು ಎತ್ತತೊಡಗಿದರು. ಅಮ್ಮ ಹಸನಾಕರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹನಿಹನಿಯಾಗಿ ನೀರು ಬಿಟ್ಟಳು. ಹಸನಾಕ ಕಣ್ಣು ತೆರೆದರು. ಮೊದಲು ಕಂಡದ್ದು ನಮ್ಮನ್ನಲ್ಲ, ಜಾಕಿನ ಮೇಲಿದ್ದ ಕುಂಕುಮವನ್ನು.

"ಪೂಜೆಗೆ ಇಟ್ಟದ್ದನ್ನು ತೆಗೆದದ್ದಾ ಅಕ್ಕ?" ಎಂದರು. ದನಿಯೇ ಇರಲಿಲ್ಲ. "ನಾಳೆವರೆಗೆ ಮುಟ್ಟಬಾರದು ಅಂತ ನೀವೇ ಹೇಳಿದ್ದಲ್ವಾ."

ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅಮ್ಮ ಆಗ ಅತ್ತಳು. ಅಷ್ಟು ಜೋರಾಗಿ ಅವಳು ಅತ್ತದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಅಜ್ಜ ತೀರಿಕೊಂಡ ತಂತಿ ಬಂದಾಗಲೂ. ಸುತ್ತ ಒಂದು ಮರವಿಲ್ಲ, ಗೋಡೆಯಿಲ್ಲ, ಅವಳ ಅಳು ಎಲ್ಲಿಯೂ ತಗಲದೆ ಹೊರಟುಹೋಗುತ್ತಿತ್ತು. ನನಗೆ ಭಯವಾಗಿ ಅಪ್ಪನ ಅಂಗಿ ಹಿಡಿದುಕೊಂಡೆ.

ಆಸ್ಪತ್ರೆಯಲ್ಲಿ ಕಾಲು ಉಳಿಸಿದರು. ಆದರೆ ಆ ಪಾದಕ್ಕೆ ಕ್ಲಚ್ಚು ಒತ್ತುವ ಶಕ್ತಿ ಮತ್ತೆ ಬರಲಿಲ್ಲ. ಅಂಗಡಿಯಲ್ಲಿ ದಿನವಿಡೀ ನಿಲ್ಲುವುದೂ ಆಗಲಿಲ್ಲ. ಅಮ್ಮ ದಿನವೂ ಊಟ ಕಳಿಸಿದಳು, ಒಯ್ದು ಕೊಡುತ್ತಿದ್ದದ್ದು ನಾನು. ಅವಳು ಮಾತ್ರ ಅವರ ಮುಖ ನೋಡಲು ಹೋಗುತ್ತಿರಲಿಲ್ಲ. ಮುಂದಿನ ಬೇಸಗೆಯ ಹೊತ್ತಿಗೆ ಹಸನಾಕ ಅಂಗಡಿಯನ್ನು ರಫೀಕನಿಗೆ ಬಿಟ್ಟು ಊರಿಗೆ ಹೊರಟರು.

ವಿಮಾನ ನಿಲ್ದಾಣಕ್ಕೆ ಅವರನ್ನು ನಮ್ಮ ಜೀಪಿನಲ್ಲೇ ಕರೆದೊಯ್ದೆವು. ಅಂದು ಅಮ್ಮ ಬಂದಳು. ಒಳಗೆ ಹೋಗುವ ಬಾಗಿಲ ಬಳಿ ಅಷ್ಟು ತಿಂಗಳು ಒಳಗೇ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟಳು.

"ತಪ್ಪು ನಂದು ಹಸನಣ್ಣ. ಅವತ್ತು ಬೆಳಿಗ್ಗೆನೇ ಕೊಡಬೇಕಾಗಿತ್ತು ನಾನು."

ಇಲ್ಲ ಇಲ್ಲ ಎಂದು ತಳ್ಳಿಹಾಕುತ್ತಾರೆಂದು ನಾನು ಎಣಿಸಿದ್ದೆ. ಅವರು ಕೋಲಿನ ಮೇಲೆ ಭಾರ ಹಾಕಿ ಸ್ವಲ್ಪ ಯೋಚಿಸಿದರು.

"ತಪ್ಪೇ ಇಲ್ಲ ಅಂತ ನಾನು ಹೇಳಿದ್ರೆ ನೀವು ನಂಬ್ಲಿಕ್ಕಿಲ್ಲ ಅಕ್ಕ. ಒಬ್ಬನೇ ಹೋದದ್ದು ನಾನಲ್ವಾ? ಅರ್ಧ ನನಗಿರ್ಲಿ. ಪೂರಾ ನೀವೇ ಇಟ್ಟುಕೊಳ್ಬೇಡಿ."

ಅಮ್ಮ ತಲೆಯಾಡಿಸಿದಳು. ಅವರು ಕುಂಟುತ್ತಾ ಒಳಗೆ ಹೋದರು. ಎರಡು ಮೂರು ವರ್ಷ ರಫೀಕನ ಮೂಲಕ ಕ್ಷೇಮಸಮಾಚಾರ ಬರುತ್ತಿತ್ತು, ಆಮೇಲೆ ರಫೀಕನೂ ಅಂಗಡಿ ಬಿಟ್ಟು ಊರಿಗೆ ಹೋದ.

ಅಪ್ಪ ಆ ಜೀಪನ್ನು ಮುಂಚಿಗಿಂತ ಚೆನ್ನಾಗಿ ನೋಡಿಕೊಂಡರು. ಪ್ರತಿ ಶುಕ್ರವಾರ ಎಣ್ಣೆ ನೋಡುವುದು, ನಟ್ಟು ಬಿಗಿಯುವುದು, ಒರೆಸುವುದು. ಆದರೆ ಮರಳಿಗೆ ಇಳಿಸಲಿಲ್ಲ. ಕಂಪನಿಯ ಹುಡುಗರು ಹೊಸ ಹೊಸ ಗಾಡಿ ತಂದು ಜೊತೆಗೆ ಬನ್ನಿ ಎಂದು ಕರೆಯುತ್ತಿದ್ದರು. ಅಪ್ಪ ಬೆನ್ನುನೋವಿನ ನೆಪ ಹೇಳುತ್ತಿದ್ದರು. ನಾವು ಕುವೈತ್ ಬಿಡುವ ವರ್ಷ ಅದನ್ನು ಯಾರೋ ಕೊಂಡೊಯ್ದರು. ಅಪ್ಪ ಬಾಲ್ಕನಿಗೆ ಬರಲೇ ಇಲ್ಲ.

ಈಗ ಅಪ್ಪ ಇಲ್ಲ. ಮೈಸೂರಿನ ಮನೆಯಲ್ಲಿ ನಾನೂ ಅಮ್ಮನೂ. ಆಯುಧಪೂಜೆಗೆ ನನ್ನ ಕಾರನ್ನು ತೊಳೆಯಲು ಹುಡುಗರು ಬರುತ್ತಾರೆ, ಕೆಟ್ಟರೆ ಫೋನ್ ಮಾಡಿದರೆ ಸಾಕು, ಯಾರೋ ಬಂದು ಎತ್ತಿಕೊಂಡು ಹೋಗುತ್ತಾರೆ. ಅವರ ಹೆಸರೂ ನನಗೆ ಗೊತ್ತಿರುವುದಿಲ್ಲ. ಅದಕ್ಕೆ ನನ್ನ ದೂರಿಲ್ಲ, ಒಂಟಿಯಾಗಿ ಎಲ್ಲಿಗೆ ಬೇಕಾದರೂ ಹೋಗಿಬರುವ ಕಾಲ ಇದು. ಆದರೆ ಈ ವಯಸ್ಸಿಗೆ ಬರುವಷ್ಟರಲ್ಲಿ ನನ್ನ ಕೈಯಿಂದಲೂ ಕೆಲವು ತಪ್ಪುಗಳಾಗಿವೆ, ಬೇರೆಯವರಿಗೆ ನೋವಾಗುವಂಥವು. ಪಾಪ, ನಿನ್ನದೇನೂ ತಪ್ಪಿಲ್ಲ ಬಿಡು ಎನ್ನುವ ಸ್ನೇಹಿತರಿದ್ದಾರೆ. ಎಲ್ಲ ನಿನ್ನಿಂದಲೇ ಎನ್ನುವವರೂ ಇದ್ದಾರೆ. ಅರ್ಧ ನನಗಿರಲಿ ಎಂದವರು ಇದುವರೆಗೆ ಒಬ್ಬರೂ ಸಿಕ್ಕಿಲ್ಲ.